ಮುಖ ನೋಡಿ ಮಣೆ ಹಾಕಬೇಡಿ, ಕಾರ್ಡಿನ ಬೆನ್ನು ತಿರುಗಿಸಿ ನೋಡಿ

ಪ್ರಶ್ನೆ: ನಾವು ಓಹಾಯೊದ ಕೊಲಂಬಸ್‌ನಲ್ಲಿದ್ದೇವೆ. ಹೋದ ತಿಂಗಳು ಪಕ್ಕದ ಬೀದಿಯಲ್ಲಿ ಹಳೇ ಮನೆಯೊಂದರ ಸಾಮಾನು ಮಾರುತ್ತಿದ್ದರು. 60 ಡಾಲರ್ ಕೊಟ್ಟು ಒಂದು ಸಿಗಾರ್ ಡಬ್ಬಿ ತಂದೆ. ಒಳಗೆ 41 ಪುಟ್ಟ ಬೇಸ್‌ಬಾಲ್ ಕಾರ್ಡುಗಳಿವೆ, ಹಿಂದೆ ಸಿಗರೇಟಿನ ಜಾಹೀರಾತು. ಒಂದರಲ್ಲಿ ಟೈ ಕಾಬ್, ಒಂದರಲ್ಲಿ ಹೋನಸ್ ವ್ಯಾಗ್ನರ್, ಇನ್ನೊಂದರಲ್ಲಿ ಮ್ಯಾಗೀ. ಮೂರು ಕಾರ್ಡು ಆಲ್ಬಮ್ಮಿನ ಕಪ್ಪು ಕಾಗದಕ್ಕೆ ಅಂಟಿಕೊಂಡಿವೆ. ಊರಿನ ಕಾರ್ಡಿನ ಅಂಗಡಿಯವರು ಎಲ್ಲಕ್ಕೂ ಸೇರಿಸಿ 900 ಡಾಲರ್ ಕೊಡುತ್ತೇನೆ ಅಂದರು. ವ್ಯಾಗ್ನರ್ ಕಾರ್ಡು ಕೋಟಿಗಟ್ಟಲೆ ಬಾಳುತ್ತದೆ ಅಂತ ಓದಿದ್ದೇನೆ. ಹನ್ನೊಂದು ವರ್ಷದ ಮಗ ಒಂದನ್ನೂ ಮಾರಬೇಡ ಅನ್ನುತ್ತಿದ್ದಾನೆ. ಏನು ಮಾಡಲಿ? ಮುಂದೆ ಅವನಿಗೆ ಇಂಥ ಕಾರ್ಡು ಕೊಡಿಸುವುದಾದರೆ ಹೇಗೆ ನೋಡಿ ಕೊಳ್ಳಬೇಕು? ಫೋಟೊ ಕಳಿಸಿದ್ದೇನೆ.

ಉತ್ತರ: ಬೇಜಾರಿನ ಸುದ್ದಿ ಮೊದಲು ಹೇಳಿ ಮುಗಿಸಿಬಿಡುತ್ತೇನೆ. ನಿಮ್ಮ ವ್ಯಾಗ್ನರ್ ಅಸಲಿ ಅಲ್ಲ. ಮ್ಯಾಗೀ ಅಸಲಿ, ಆದರೆ ಹೆಸರು ತಪ್ಪಾಗಿ ಅಚ್ಚಾಗಿ ಬೆಲೆ ಏರಿದ ಆ ಮ್ಯಾಗೀ ಅಲ್ಲ. ಇನ್ನು ಒಳ್ಳೇ ಸುದ್ದಿ. ಫೋಟೊದಲ್ಲಿ ಕಂಡ ಮಟ್ಟಿಗೆ ಉಳಿದದ್ದೆಲ್ಲ ನೂರು ವರ್ಷ ದಾಟಿದ ಅಸಲಿ ಮಾಲು. ಅದರಲ್ಲೂ ನೀವು ಹೆಸರೇ ಎತ್ತದ ಒಂದು ಕಾರ್ಡು ನೋಡಿ ನಾನು ಕುರ್ಚಿಯಿಂದ ಎದ್ದೆ. ಅದರ ವಿಷಯ ಆಮೇಲೆ ಹೇಳುತ್ತೇನೆ. 900 ಡಾಲರಿಗೆ ಮಾತ್ರ ಸದ್ಯ ಕೊಡಬೇಡಿ.

ಈ ಕಾರ್ಡುಗಳು ಎಲ್ಲಿಂದ ಬಂದವು ಅಂತ ಗೊತ್ತಿದ್ದರೆ ಬೆಲೆ ತಾನಾಗಿಯೇ ಅರ್ಥವಾಗುತ್ತದೆ. 1880ರ ದಶಕದಲ್ಲಿ ಅಮೆರಿಕದಲ್ಲಿ ಸಿಗರೇಟು ಸುತ್ತುವ ಬಾನ್ಸಾಕ್ ಯಂತ್ರ ಬಂತು. ಕೈಯಲ್ಲಿ ಸುತ್ತುತ್ತಿದ್ದ ಮಾಲು ರಾಶಿ ರಾಶಿ ಬೀಳತೊಡಗಿತು. ಅಷ್ಟೊಂದು ಸಿಗರೇಟು ಮಾರಬೇಕಲ್ಲ? ಮೆತ್ತಗಿನ ಪ್ಯಾಕು ಮುದುಡದಂತೆ ಒಳಗೆ ಒಂದು ದಪ್ಪ ರಟ್ಟು ಇಡುತ್ತಿದ್ದರು. ಅದರ ಮೇಲೆ ಚಿತ್ರ ಅಚ್ಚು ಹಾಕಿದರು. ನಟಿಯರು, ಬಾವುಟಗಳು, ಹಕ್ಕಿಗಳು, ಆಮೇಲೆ ಆಟಗಾರರು. ನ್ಯೂಯಾರ್ಕಿನ ಗುಡ್‌ವಿನ್ ಕಂಪನಿ ಓಲ್ಡ್ ಜಡ್ಜ್ ಸಿಗರೇಟಿನ ಜೊತೆ ಆಟಗಾರರ ಕಂದು ಬಣ್ಣದ ಫೋಟೊಗಳನ್ನೇ ಕೊಟ್ಟಿತು. ರಿಚ್ಮಂಡ್‌ನ ಆಲನ್ ಅಂಡ್ ಗಿಂಟರ್ 1887ರಲ್ಲಿ 50 ಕ್ರೀಡಾಪಟುಗಳ ಬಣ್ಣದ ಕಾರ್ಡು ತಂದಿತು, ಅದರಲ್ಲಿ ಹತ್ತು ಮಂದಿ ಬೇಸ್‌ಬಾಲಿನವರು. 1890ರಲ್ಲಿ ಜೇಮ್ಸ್ ಡ್ಯೂಕ್ ಈ ಕಂಪನಿಗಳನ್ನೆಲ್ಲ ಸೇರಿಸಿ ಅಮೆರಿಕನ್ ಟೊಬ್ಯಾಕೊ ಕಂಪನಿ ಕಟ್ಟಿದ. ಪೈಪೋಟಿಯೇ ಇಲ್ಲದ ಮೇಲೆ ಚಿತ್ರ ಯಾಕೆ ದಂಡಕ್ಕೆ ಕೊಡಬೇಕು? ಕಾರ್ಡು ಹೆಚ್ಚುಕಡಿಮೆ ನಿಂತೇ ಹೋಯಿತು. ಮತ್ತೆ ದೊಡ್ಡ ಮಟ್ಟದಲ್ಲಿ ಬಂದದ್ದು 1909ರಲ್ಲಿ. ನಿಮ್ಮ ಡಬ್ಬಿಯಲ್ಲಿರುವುದು ಅದೇ. 1909ರಿಂದ 1911ರವರೆಗೆ ಬಂದ, ಬಿಳಿ ಅಂಚಿನ, ಟಿ206 ಎಂಬ ಸರಣಿ.

ಈ ಟಿ206 ಎಂಬ ಹೆಸರು ಕಂಪನಿ ಇಟ್ಟದ್ದಲ್ಲ. ಸಿರಾಕ್ಯೂಸ್‌ನಲ್ಲಿದ್ದ ಜೆಫರ್ಸನ್ ಬರ್ಡಿಕ್ ಎಂಬ ಸಂಗ್ರಾಹಕ ಅಮೆರಿಕದಲ್ಲಿ ಅಚ್ಚಾದ ಕಾರ್ಡುಗಳಿಗೆಲ್ಲ ಒಂದು ಪಟ್ಟಿ ಮಾಡಿದರು. ಹತ್ತೊಂಬತ್ತನೇ ಶತಮಾನದ ತಂಬಾಕಿನ ಕಾರ್ಡಿಗೆ ಎನ್, ಇಪ್ಪತ್ತನೆಯದಕ್ಕೆ ಟಿ, ಮಿಠಾಯಿ ಕಾರ್ಡಿಗೆ ಇ. ಕೀಲುನೋವಿನಿಂದ ಕೈ ಸೊಟ್ಟಗಾಗಿದ್ದರೂ ತಮ್ಮ ಮೂರು ಲಕ್ಷಕ್ಕೂ ಹೆಚ್ಚು ಕಾರ್ಡು-ಚೀಟಿಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಕೊಟ್ಟು, ಅಲ್ಲೇ ಕೂತು ಆಲ್ಬಮ್ಮಿಗೆ ಅಂಟಿಸಿದರು. 1963ರಲ್ಲಿ ತೀರಿಕೊಂಡರು. ಇವತ್ತಿಗೂ ವ್ಯಾಪಾರ ನಡೆಯುವುದು ಅವರು ಕೊಟ್ಟ ನಂಬರುಗಳ ಮೇಲೆಯೇ.

ಈಗ ವ್ಯಾಗ್ನರ್. ಹೋನಸ್ ವ್ಯಾಗ್ನರ್ ಪಿಟ್ಸ್‌ಬರ್ಗ್ ತಂಡದ ಶಾರ್ಟ್‌ಸ್ಟಾಪ್, ಆ ಕಾಲದ ದೊಡ್ಡ ಆಟಗಾರ. ಅವನ ಕಾರ್ಡನ್ನು ಕಂಪನಿ ಬೇಗ ನಿಲ್ಲಿಸಿತು. ಮಕ್ಕಳು ತಂಬಾಕು ಕೊಳ್ಳುವುದು ಅವನಿಗೆ ಇಷ್ಟವಿರಲಿಲ್ಲ ಅಂತ ಕೆಲವರು, ದುಡ್ಡು ಕೇಳಿದ್ದ ಅಂತ ಕೆಲವರು. ಇವತ್ತು ಲೆಕ್ಕಕ್ಕೆ ಸಿಗುವ ಅಸಲಿ ಕಾರ್ಡುಗಳು ಸುಮಾರು 50ರಿಂದ 60. 2022ರಲ್ಲಿ ಒಂದು 72.5 ಲಕ್ಷ ಡಾಲರಿಗೆ ಕೈ ಬದಲಾಯಿತು. ಹಾಗಾಗಿ ಅದರ ನಕಲಿಗೆ ಲೆಕ್ಕವೇ ಇಲ್ಲ. ಮ್ಯೂಸಿಯಮ್ ಅಂಗಡಿಯಿಂದ ಹಿಡಿದು ಸಂತೆ ಬೀದಿಯವರೆಗೆ ಎಲ್ಲ ಕಡೆ ಮಾರುತ್ತಾರೆ. ಎಷ್ಟೋ ಸಲ ಮನೆಯ ಯಾರೋ ಇಷ್ಟಪಟ್ಟು ತಂದ ನಕಲನ್ನು ಅಸಲಿಗಳ ಜೊತೆಯೇ ಇಟ್ಟಿರುತ್ತಾರೆ. ನಿಮ್ಮ ಡಬ್ಬಿಯಲ್ಲೂ ಹಾಗೇ ಆಗಿರಬೇಕು. ಮೋಸ ಅಂತ ಅಂದುಕೊಳ್ಳಬೇಡಿ.

ಹೇಗೆ ಗೊತ್ತಾಯಿತು ಅಂತೀರಾ? ನೀವೇ ನೋಡಿ. ವ್ಯಾಗ್ನರ್‌ ಕಾರ್ಡನ್ನು ಬೇರೆ ಯಾವುದಾದರೂ ಕಾರ್ಡಿನ ಮೇಲೆ ಇಡಿ. ನಿಮ್ಮ ಫೋಟೊದಲ್ಲೇ ಅದು ಎರಡು ಕಡೆ ಹೊರಗೆ ಚಾಚಿದೆ. ಟಿ206 ಕಾರ್ಡು ಸುಮಾರು 36.5 ಮಿಲಿಮೀಟರ್ ಅಗಲ, 66.7 ಮಿಲಿಮೀಟರ್ ಉದ್ದ. ಕಾರ್ಖಾನೆಯಲ್ಲೇ ಅಷ್ಟಿಷ್ಟು ಹೆಚ್ಚುಕಡಿಮೆ ಕತ್ತರಿಸುತ್ತಿದ್ದರು ನಿಜ, ಆದರೆ ಇಷ್ಟಲ್ಲ. ಆಮೇಲೆ ಒಂದು ಭೂತಗನ್ನಡಿ ತಗೊಳ್ಳಿ, ಚಿನ್ನದಂಗಡಿಯವರು ಕಣ್ಣಿಗೆ ಸಿಗಿಸಿಕೊಳ್ಳುತ್ತಾರಲ್ಲ, ಆ ಥರದ್ದು. ಹತ್ತು ಪಟ್ಟು ದೊಡ್ಡದು ಮಾಡಿದರೆ ಸಾಕು. ಕಾಬ್‌ ಕಾರ್ಡಿನ ಕೆಳಗೆ ಬರೆದ ಹೆಸರು ನೋಡಿ. ಅಕ್ಷರ ಗಟ್ಟಿ ಕಂದು ಶಾಯಿಯಲ್ಲಿ, ಒಂದೇ ಎರಕ ಹೊಯ್ದಂತೆ ಇರುತ್ತದೆ. ಈಗ ವ್ಯಾಗ್ನರ್‌ ಹೆಸರು ನೋಡಿ. ಅಕ್ಷರವೇ ಬಣ್ಣ ಬಣ್ಣದ ಸಣ್ಣ ಚುಕ್ಕಿಗಳಿಂದ ಆಗಿರುತ್ತದೆ, ಅಂಚು ಮಸುಕು. ಹಳೆಯದನ್ನು ಕಲ್ಲಚ್ಚಿನ ಪದ್ಧತಿಯಲ್ಲಿ ಒಂದೊಂದೇ ಬಣ್ಣ ಬಿಟ್ಟು ಅಚ್ಚು ಹಾಕಿದ್ದು. ಹೊಸದನ್ನು ಫೋಟೊ ತೆಗೆದು ಅಚ್ಚು ಹಾಕಿದ್ದು, ಹಾಗಾಗಿ ನಾಲ್ಕು ಬಣ್ಣದ ಚುಕ್ಕಿ ರಂಗೋಲಿ ಇಟ್ಟ ಹಾಗೆ ಸಾಲಾಗಿ ಕೂತಿರುತ್ತದೆ. ಒಮ್ಮೆ ಈ ವ್ಯತ್ಯಾಸ ಕಣ್ಣಿಗೆ ಬಿದ್ದರೆ ಮತ್ತೆ ಮರೆಯುವುದಿಲ್ಲ.

ನೇರಳೆ ಬೆಳಕಿನ ಟಾರ್ಚೂ ಇಟ್ಟುಕೊಳ್ಳಿ, ಹತ್ತು ಡಾಲರಿಗೆ ಸಿಗುತ್ತದೆ. 1940ರ ದಶಕದ ನಂತರ ಕಾಗದಕ್ಕೆ ಬೆಳ್ಳಗೆ ಕಾಣಲಿ ಅಂತ ರಾಸಾಯನಿಕ ಬೆರೆಸಲು ಶುರು ಮಾಡಿದರು. ಕತ್ತಲಲ್ಲಿ ಟಾರ್ಚ್ ಬಿಟ್ಟರೆ ಅಂಥ ಕಾಗದ ನೀಲಿ-ಬಿಳಿ ಹೊಳೆಯುತ್ತದೆ. ಹಳೇ ಕಾರ್ಡು ಮಂಕಾಗಿ ಸುಮ್ಮನಿರುತ್ತದೆ. ಹೊಳೆದರೆ ನಕಲಿ ಅನ್ನಬಹುದು. ಹೊಳೆಯಲಿಲ್ಲ ಅಂತ ಅಸಲಿ ಅನ್ನುವ ಹಾಗಿಲ್ಲ. ಹಳೇ ಪುಸ್ತಕದ ಖಾಲಿ ಹಾಳೆಯ ಮೇಲೆ ಅಚ್ಚು ಹಾಕುವ ಗಿರಾಕಿಗಳೂ ಇದ್ದಾರೆ. ಚಹಾ ಡಿಕಾಕ್ಷನ್‌ನಲ್ಲಿ ಅದ್ದಿ ಮುಪ್ಪು ಬರಿಸುವವರೂ ಇದ್ದಾರೆ.

ವ್ಯಾಗ್ನರ್ ಬಗ್ಗೆ ನಿಮಗೆ ಇನ್ನೊಂದು ಅನುಮಾನ ಬರಬಹುದು. ಪಿಟ್ಸ್‌ಬರ್ಗ್ ಅನ್ನುವಲ್ಲಿ ಕೊನೆಯ ಎಚ್ ಅಕ್ಷರ ಇಲ್ಲ, ಅದಕ್ಕೇ ನಕಲಿಯಾ ಅಂತ. ಅದಲ್ಲ ಕಾರಣ. ಆಗ ಆ ಊರಿನ ಹೆಸರನ್ನು ಸರ್ಕಾರಿ ಕಾಗುಣಿತದಲ್ಲಿ ಎಚ್ ಇಲ್ಲದೆಯೇ ಬರೆಯುತ್ತಿದ್ದರು, 1911ರಲ್ಲಿ ಮತ್ತೆ ಸೇರಿಸಿದರು. ಎಚ್ ಇರುವ ಟಿ206 ವ್ಯಾಗ್ನರ್ ಸಿಕ್ಕರೆ ಆಗ ದೂರ ಓಡಿ.

ಮ್ಯಾಗೀ ಕಥೆ ಇನ್ನೂ ಮಜಾ. ಫಿಲಡೆಲ್ಫಿಯಾದ ಶೆರ್ರಿ ಮ್ಯಾಗೀಯ ಹೆಸರನ್ನು ಮೊದಲು ಅಚ್ಚು ಹಾಕುವಾಗ ತಪ್ಪಾಗಿ ಎಂ-ಎ-ಜಿ-ಐ-ಇ ಅಂತ ಹಾಕಿದರು. ಬೇಗ ಎಚ್ಚೆತ್ತು ಎಂ-ಎ-ಜಿ-ಇ-ಇ ಅಂತ ತಿದ್ದಿದರು. ತಪ್ಪಾದದ್ದು ಸ್ವಲ್ಪವೇ ಹೊರಬಿತ್ತು, ಅದಕ್ಕೆ ಈಗ ಚಿಂದಿಯಾಗಿದ್ದರೂ ಹತ್ತು ಸಾವಿರ ಡಾಲರಿನ ಮೇಲಿನ ಮಾತು. ನಿಮ್ಮದರಲ್ಲಿ ಎರಡು ಇ ಇದೆ. ಸರಿಯಾಗಿ ಬರೆದದ್ದಕ್ಕೇ ಬೆಲೆ ಕಡಿಮೆ! ಹೆಸರು ನೋಡುವ ಮೊದಲೇ ನನಗೆ ಗೊತ್ತಾಗಿದ್ದು ಬೆನ್ನು ನೋಡಿ. ತಪ್ಪಾದ ಕಾರ್ಡು ಬಂದದ್ದು ಪೀಡ್‌ಮಾಂಟ್ ಸಿಗರೇಟಿನ 150 ಅಂತ ಬರೆದ ಬೆನ್ನಿನಲ್ಲಿ ಮಾತ್ರ. ನಿಮ್ಮದರ ಬೆನ್ನಿಗೆ ಸ್ವೀಟ್ ಕ್ಯಾಪೊರಲ್ ಇದೆ.

ಈ ಬೆನ್ನಿನ ಮಾತೇ ನಾನು ನಿಮಗೆ ಹೇಳಬೇಕಾದ ಮುಖ್ಯ ಮಾತು. ಹೊಸಬರೆಲ್ಲ ಮುಖ ನೋಡುತ್ತಾರೆ. ಯಾವ ಆಟಗಾರ, ದೊಡ್ಡವನಾ ಚಿಕ್ಕವನಾ ಅಂತ. ಹಳಬರು ಕಾರ್ಡು ಕೈಗೆ ಬಂದ ಕೂಡಲೇ ತಿರುಗಿಸುತ್ತಾರೆ. ಯಾಕೆಂದರೆ ಈ ಸರಣಿಯನ್ನು 16 ಬೇರೆ ಬೇರೆ ಬ್ರಾಂಡಿನ ಪ್ಯಾಕುಗಳಲ್ಲಿ ಹಂಚಿದ್ದರು, ಒಂದೇ ಚಿತ್ರ ಹಲವು ಬ್ರಾಂಡಿನ ಬೆನ್ನಿನಲ್ಲಿ ಸಿಗುತ್ತದೆ. ಪೀಡ್‌ಮಾಂಟ್, ಸ್ವೀಟ್ ಕ್ಯಾಪೊರಲ್ ರಾಶಿ ರಾಶಿ. ಸಾವರಿನ್, ಓಲ್ಡ್ ಮಿಲ್, ಪೋಲಾರ್ ಬೇರ್ ಒಂದು ಮಟ್ಟಿಗೆ ಸಿಗುತ್ತವೆ. ಡ್ರಮ್, ಉಜಿಟ್, ಲೆನಾಕ್ಸ್, ಬ್ರಾಡ್ ಲೀಫ್ ಬೆನ್ನು ಸಿಕ್ಕರೆ ಮುಂದೆ ಯಾವ ಅನಾಮಿಕ ಇದ್ದರೂ ದುಡ್ಡೇ ದುಡ್ಡು. ಅಮೆರಿಕನ್ ಬ್ಯೂಟಿ ಬೆನ್ನಿನದು ಸ್ವಲ್ಪ ಸಣ್ಣಗಿರುತ್ತದೆ, ಅದರ ಪ್ಯಾಕೇ ಸಣ್ಣದು. ಅದನ್ನು ಯಾರೋ ಕತ್ತರಿಸಿದ್ದಾರೆ ಅಂತ ತಿರಸ್ಕರಿಸಬೇಡಿ.

ಬೆನ್ನಿನ ಬೆಲೆ ಎಷ್ಟು ಅಂತ ತಿಳಿಯಲು ನಿಮ್ಮ ಕಾಬ್‌ನನ್ನೇ ತಗೊಳ್ಳಿ. ಅವನೂ ವ್ಯಾಗ್ನರ್ ಥರ ಆ ಕಾಲದ ದೊಡ್ಡ ಆಟಗಾರ. ಈ ಸರಣಿಯಲ್ಲಿ ಟೈ ಕಾಬ್‌ಗೆ ನಾಲ್ಕು ಚಿತ್ರಗಳಿವೆ. ನಿಮ್ಮದು ಕೆಂಪು ಹಿನ್ನೆಲೆಯ ಮುಖಚಿತ್ರ, ಬೆನ್ನಿಗೆ ಪೀಡ್‌ಮಾಂಟ್. ಒಂದು ಮೂಲೆ ಮಡಿಚಿದೆ, ಆದರೂ ಸಾವಿರ ಡಾಲರ್ ದಾಟುತ್ತದೆ. ಅಂಗಡಿಯವರ 900 ಅಲ್ಲಿಗೇ ಮುಗಿಯಿತು ನೋಡಿ. ಇದೇ ಕೆಂಪು ಚಿತ್ರದ ಹಿಂದೆ ಟೈ ಕಾಬ್ ಹೆಸರಿನದೇ ತಂಬಾಕಿನ ಜಾಹೀರಾತು ಇರುವ ಕಾರ್ಡುಗಳೂ ಇವೆ, ಬೆರಳೆಣಿಕೆಯಷ್ಟು. 2016ರಲ್ಲಿ ಅಮೆರಿಕದ ದಕ್ಷಿಣದ ಹಳ್ಳಿಯೊಂದರಲ್ಲಿ ತೀರಿಹೋದ ಹಿರಿಯರ ಸಾಮಾನು ಸೋಸುತ್ತಿದ್ದ ಮನೆಯವರಿಗೆ ಮುದ್ದೆಯಾದ ಕಾಗದದ ಚೀಲದಲ್ಲಿ ಅಂಥವು ಏಳು ಸಿಕ್ಕವು. ಒಂದೊಂದೂ ಲಕ್ಷ ಡಾಲರಿನ ಮೇಲಿನ ಮಾಲು. ಚೀಲವನ್ನು ಕಸಕ್ಕೆ ಹಾಕುವುದರಲ್ಲಿದ್ದರಂತೆ. ಮುಖ ಅದೇ, ಬೆನ್ನು ಬೇರೆ.

ನಾನು ಎದ್ದು ನಿಂತ ಕಾರ್ಡು ಈಗ. ನಿಮ್ಮ ಮೂರನೇ ಫೋಟೊದಲ್ಲಿ, ಮೇಲಿನ ಸಾಲಿನಲ್ಲಿ ಎಡಗಡೆಯಿಂದ ಎರಡನೆಯದು. ದಕ್ಷಿಣದ ಸಣ್ಣ ಲೀಗಿನ ಆಟಗಾರ. ಅವನ ಹೆಸರು ಬೇಸ್‌ಬಾಲ್ ಹುಚ್ಚರಿಗೂ ಗೊತ್ತಿರುವುದಿಲ್ಲ. ಬೆನ್ನು ತಿರುಗಿಸಿ: ಕಂದು ಶಾಯಿ, ನಡುವೆ ದೊಡ್ಡದಾಗಿ ‘ಹಿಂದೂ’ ಅಂತ ಇಂಗ್ಲಿಷಿನಲ್ಲಿ. ಹೌದು, ಹಿಂದೂ ಸಿಗರೇಟು! ಆಗ ಅಮೆರಿಕದ ಸಿಗರೇಟಿನವರಿಗೆ ಪೂರ್ವದೇಶದ ಹೆಸರುಗಳ ಮೇಲೆ ವಿಪರೀತ ಮೋಹ. ನಮ್ಮವರು ಯಾರಿಗೂ ಇದರಲ್ಲಿ ಪಾಲಿಲ್ಲ, ಹೆಸರು ಮಾತ್ರ ಎರವಲು. ಮೊದಲ ಸಲ ಇದು ನನ್ನ ಕೈಗೆ ಬಂದಾಗ ಮನೆಯವಳಿಗೆ ತೋರಿಸಿದೆ. ‘ಇದನ್ನು ದೇವರ ಮನೇಲಿ ಇಡ್ತೀರೋ ಆಚೆ ಇಡ್ತೀರೋ’ ಅಂದಳು. ದಕ್ಷಿಣದ ಲೀಗಿನವರದು ಈ ಸರಣಿಯಲ್ಲಿ 48 ಕಾರ್ಡು, ಅವೇ ಕಡಿಮೆ. ಅದರ ಮೇಲೆ ಹಿಂದೂ ಬೆನ್ನು. ಶಾಯಿ ಕೆಂಪಾಗಿದ್ದರೆ ಇನ್ನೂ ಅಪರೂಪ, ನಿಮ್ಮದು ಕಂದು. ಆದರೂ ಕಾಬ್ ಬಿಟ್ಟರೆ ನಿಮ್ಮ ಡಬ್ಬಿಯಲ್ಲಿ ಬೆಲೆಯಲ್ಲಿ ಮುಂದಿನ ನಂಬರು ಇದೇ. ಅಂಗಡಿಯವರು ನೋಡಿರಲಿಲ್ಲ ಅಂತ ನಾನು ನಂಬುವುದಿಲ್ಲ.

ಅವರನ್ನು ಪೂರ್ತಿ ಬೈಯಲೂ ಆಗುವುದಿಲ್ಲ. ಅಂಗಡಿಯವರು ಸಾಮಾನ್ಯವಾಗಿ ಮಾರುವ ಬೆಲೆಯ ಅರವತ್ತು-ಎಪ್ಪತ್ತು ಪರ್ಸೆಂಟ್ ಕೊಡುತ್ತಾರೆ. ಬಾಡಿಗೆ, ಕರೆಂಟು, ಮಾರಾಟವಾಗದೆ ಕೂರುವ ಮಾಲು, ಎಲ್ಲ ಅವರ ತಲೆ ಮೇಲೆ. ಅಷ್ಟು ಕೊಟ್ಟರೆ ನ್ಯಾಯ. ನಿಮಗೆ ಹೇಳಿದ್ದು ಅದರ ಅರ್ಧಕ್ಕೂ ಕಡಿಮೆ. ನೀವು 60 ಡಾಲರಿಗೆ ತಂದದ್ದರ ಬಗ್ಗೆಯೂ ಒಂದು ಮಾತು. ಕಾನೂನಿನ ಪ್ರಕಾರ ಕಾರ್ಡು ನಿಮ್ಮದೇ. ನಾನಾಗಿದ್ದರೆ ಮಾರಿದ ಮೇಲೆ ಆ ಮನೆಯವರಿಗೆ ಏನಾದರೂ ಕೊಟ್ಟು ಬರುತ್ತಿದ್ದೆ. ನಿಮ್ಮ ಇಷ್ಟ.

ಉಳಿದ 34 ಕಾರ್ಡು ಸಾಮಾನ್ಯ ಆಟಗಾರರದು, ಬೆನ್ನೂ ಸಾಮಾನ್ಯ. ಮೂಲೆ ಸವೆದ ಇಂಥವು ಒಂದೊಂದೂ ಹತ್ತಾರು ಡಾಲರಿಗೆ ಹೋಗುತ್ತವೆ, ನೂರಾರಕ್ಕಲ್ಲ. ‘ಹಳೇದು ಅಂದಮೇಲೆ ಲಕ್ಷ’ ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಟಿ206 ಲಕ್ಷಗಟ್ಟಲೆ ಉಳಿದಿದೆ ಮಾರಾಯರೇ. ಹಳತು ಬೇರೆ, ಅಪರೂಪ ಬೇರೆ.

ಬೆಲೆ ನೋಡುವಾಗ ಜನ ಮಾಡುವ ತಪ್ಪು ಒಂದೇ. ಆನ್‌ಲೈನಿನಲ್ಲಿ ಮಾರಾಟಕ್ಕೆ ಇಟ್ಟ ಬೆಲೆ ನೋಡುತ್ತಾರೆ. ಇಡುವವರು ಏನು ಬೇಕಾದರೂ ಇಡಬಹುದು. ನೋಡಬೇಕಾದದ್ದು ಮಾರಾಟ ಆಗಿ ಮುಗಿದವುಗಳ ಪಟ್ಟಿ. ಇಬೇಯಲ್ಲಿ ಅದಕ್ಕೆ ಬೇರೆ ಫಿಲ್ಟರ್ ಇದೆ, ದೊಡ್ಡ ಹರಾಜು ಸಂಸ್ಥೆಗಳು ಹಳೇ ಫಲಿತಾಂಶ ಬಿಟ್ಟಿಯಾಗಿ ತೋರಿಸುತ್ತವೆ. ಅದೇ ಆಟಗಾರ, ಅದೇ ಚಿತ್ರ, ಅದೇ ಬೆನ್ನು, ಅದೇ ಸ್ಥಿತಿ. ಈ ನಾಲ್ಕೂ ಕೂಡಿ ಬಂದ ಮೂರು ಮಾರಾಟ ಸಿಕ್ಕರೆ ಬೆಲೆ ಸಿಕ್ಕಿತು ಅಂತಲೇ.

ಸ್ಥಿತಿ ಅಂದೆ. ಇದಕ್ಕೆ ಗ್ರೇಡಿಂಗ್ ಕಂಪನಿಗಳಿವೆ. ಪಿಎಸ್‌ಎ, ಎಸ್‌ಜಿಸಿ, ಬೆಕೆಟ್. ಕಾರ್ಡು ಕಳಿಸಿದರೆ ನೋಡಿ, 1ರಿಂದ 10ರವರೆಗೆ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ವಾಪಸ್ ಕಳಿಸುತ್ತಾರೆ. ಆ ಡಬ್ಬಿಗೆ ಸ್ಲ್ಯಾಬ್ ಅಂತಾರೆ. ಯಾರಾದರೂ ಕತ್ತರಿಸಿದ್ದರೆ, ಬಣ್ಣ ಹಚ್ಚಿದ್ದರೆ ಅಂಕವೇ ಕೊಡುವುದಿಲ್ಲ, ‘ಅಸಲಿ, ಆದರೆ ಕೈಯಾಡಿಸಿದ್ದು’ ಅಂತ ಬರೆಯುತ್ತಾರೆ. ಒಂದು ಕಾರ್ಡಿಗೆ ಸುಮಾರು ಇಪ್ಪತ್ತು-ಮೂವತ್ತು ಡಾಲರ್, ಬೆಲೆ ಬಾಳುವ ಕಾರ್ಡಾದರೆ ಫೀಸೂ ಜಾಸ್ತಿ. ನಲವತ್ತು ಡಾಲರಿನ ಕಾರ್ಡಿಗೆ ಮೂವತ್ತು ಡಾಲರಿನ ಡಬ್ಬಿ ಯಾಕೆ? ನಿಮ್ಮಲ್ಲಿ ಗ್ರೇಡಿಂಗಿಗೆ ಹೋಗಬೇಕಾದದ್ದು ಎರಡೇ, ಕಾಬ್ ಮತ್ತು ಹಿಂದೂ. ಇಷ್ಟು ಹಳೇ ಕಾರ್ಡಿಗೆ ನಾನು ಎಸ್‌ಜಿಸಿ ಕಡೆ ವಾಲುತ್ತೇನೆ, ಕಪ್ಪು ಚೌಕಟ್ಟಿನಲ್ಲಿ ಬಿಳಿ ಅಂಚು ಎದ್ದು ಕಾಣುತ್ತದೆ. ಮಾರುವ ಉದ್ದೇಶವಿದ್ದರೆ ಪಿಎಸ್‌ಎ ಡಬ್ಬಿಗೆ ಗಿರಾಕಿ ಜಾಸ್ತಿ.

ಕತ್ತರಿಸುವ ಕೆಲಸದ ಬಗ್ಗೆ ನನ್ನದೇ ಅನುಭವ ಹೇಳುತ್ತೇನೆ. ಈ ಹುಚ್ಚು ಹತ್ತಿದ ಹೊಸದರಲ್ಲಿ ಒಂದು ಕಾರ್ಡ್ ಜಾತ್ರೆಗೆ ಹೋಗಿದ್ದೆ. ಟೇಬಲ್ಲಿನ ಮೇಲೆ ಒಂದು ಕಾಬ್, ಬ್ಯಾಟು ಹೆಗಲ ಮೇಲಿರುವುದು. ನಾಲ್ಕೂ ಮೂಲೆ ಸೂಜಿ ಮೊನೆ. ವ್ಯಾಪಾರಿ ಅಜ್ಜ, ನಗುಮುಖ. 600 ಡಾಲರ್ ಎಣಿಸಿ ಕೊಟ್ಟೆ. ಗ್ರೇಡಿಂಗಿಗೆ ಕಳಿಸಿದೆ. ‘ಕತ್ತರಿಸಿದ್ದು’ ಅಂತ ಬಂತು. ಅಳತೆ ಮಾಡಿದರೆ ಒಂದು ಮಿಲಿಮೀಟರಿಗೂ ಕಡಿಮೆ ಹೋಗಿತ್ತು. ಸವೆದ ಮೂಲೆಗಳನ್ನು ಯಾರೋ ಬ್ಲೇಡಿನಲ್ಲಿ ಸವರಿ ಚೂಪು ಮಾಡಿದ್ದರು. ಮುಂದಿನ ಜಾತ್ರೆಗೆ ಆ ಅಜ್ಜನೂ ಇಲ್ಲ, ಟೇಬಲ್ಲೂ ಇಲ್ಲ. ಅಂದಿನಿಂದ ಒಂದು ಸಾಮಾನ್ಯ ಟಿ206 ಯಾವಾಗಲೂ ಜೇಬಿನಲ್ಲಿರುತ್ತದೆ. ಕೊಳ್ಳುವ ಕಾರ್ಡನ್ನು ಅದರ ಪಕ್ಕ ನಿಲ್ಲಿಸಿ ಅಂಚು ನೋಡುತ್ತೇನೆ. ಹಳೇ ಅಂಚು ಮೇಲ್ಭಾಗದಷ್ಟೇ ಮಾಸಿರಬೇಕು. ಮುಖ ಕಂದಾಗಿದ್ದು ಅಂಚು ಮಾತ್ರ ಬೆಳ್ಳಗಿದ್ದರೆ ಅಲ್ಲಿ ಬ್ಲೇಡು ಓಡಿದೆ.

ನಾನೊಬ್ಬನೇ ಬಿದ್ದ ಗುಂಡಿಯಲ್ಲ ಇದು. ಜಗತ್ತಿನಲ್ಲಿ ಹೆಚ್ಚು ಹೆಸರಾದ ವ್ಯಾಗ್ನರ್ ಕಾರ್ಡನ್ನು 1991ರಲ್ಲಿ ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್ಕಿ ಮತ್ತು ಅವರ ತಂಡದ ಆಗಿನ ಮಾಲೀಕ ಬ್ರೂಸ್ ಮೆಕ್‌ನಾಲ್ ಸೇರಿ 4,51,000 ಡಾಲರಿಗೆ ಕೊಂಡರು. ಪಿಎಸ್‌ಎ ಮೊಟ್ಟಮೊದಲು ಗ್ರೇಡ್ ಮಾಡಿದ ಕಾರ್ಡೇ ಅದು, ಅಂಕ 8. 2007ರಲ್ಲಿ 28 ಲಕ್ಷಕ್ಕೆ ಹೋಯಿತು. ಅದನ್ನು ಮೊದಲು ಮಾರಿದ್ದ ಹರಾಜುದಾರ ಬಿಲ್ ಮ್ಯಾಸ್ಟ್ರೊ, ಹರಾಜಿನಲ್ಲಿ ಸುಳ್ಳು ಸವಾಲು ಕೂಗಿಸಿದ ಮೋಸದ ಕೇಸಿನಲ್ಲಿ ಸಿಕ್ಕಿಬಿದ್ದರು. ಆಗ, 2013ರಲ್ಲಿ, ಈ ಕಾರ್ಡಿನ ಅಂಚು ತಾವೇ ಕತ್ತರಿಸಿದ್ದಾಗಿ ಒಪ್ಪಿಕೊಂಡರು. 2015ರಲ್ಲಿ 20 ತಿಂಗಳ ಜೈಲು ಶಿಕ್ಷೆಯಾಯಿತು. ಹಾಗಾಗಿ ಡಬ್ಬಿಯ ಮೇಲಿನ ನಂಬರನ್ನು ಕಣ್ಣುಮುಚ್ಚಿ ನಂಬಬೇಡಿ. ಡಬ್ಬಿಯೊಳಗಿನ ಕಾರ್ಡನ್ನೂ ನೋಡಿ.

ಕಪ್ಪು ಕಾಗದಕ್ಕೆ ಅಂಟಿದ ಆ ಮೂರು ಕಾರ್ಡನ್ನು ದಯವಿಟ್ಟು ಉಗುರಿನಲ್ಲಿ ಕೀಳಬೇಡಿ. ಕಿತ್ತರೆ ಬೆನ್ನಿನ ಪದರ ಕಾಗದದ ಜೊತೆ ಹೋಗುತ್ತದೆ. ಬೆನ್ನು ಹೋದರೆ ಏನು ಹೋಯಿತು ಅಂತ ಈಗ ನಿಮಗೇ ಗೊತ್ತು. ಟಿ206 ಶಾಯಿ ನೀರಿಗೆ ಬಿಡುವುದಿಲ್ಲ. ಬಟ್ಟಿ ಇಳಿಸಿದ ನೀರು ತುಂಬಿದ ಬಟ್ಟಲಿನಲ್ಲಿ ಕಾಗದ ಸಮೇತ ಬಿಡುತ್ತಾರೆ. ಒಂದೆರಡು ಗಂಟೆಯಲ್ಲೋ ರಾತ್ರಿ ಕಳೆದೋ, ಹಳೇ ಗೋಂದು ನೆನೆದು ಕಾರ್ಡು ತಾನೇ ಜಾರುತ್ತದೆ. ಉಳಿದ ಗೋಂದನ್ನು ಬೆರಳ ತುದಿಯಲ್ಲಿ, ನೀರಿನೊಳಗೇ, ಮೆತ್ತಗೆ ಸವರುತ್ತಾರೆ. ಆಮೇಲೆ ಒತ್ತು ಕಾಗದದ ನಡುವೆ ಇಟ್ಟು ಮೇಲೆ ದಪ್ಪ ಪುಸ್ತಕ ಹೇರಿ, ಕಾಗದ ಬದಲಾಯಿಸುತ್ತಾ ಕೆಲವು ದಿನ ಒಣಗಿಸುತ್ತಾರೆ. ಈ ಕಸುಬಿನಲ್ಲಿ ನೀರನ್ನು ಹೆಚ್ಚಿನವರು ಒಪ್ಪುತ್ತಾರೆ. ಬ್ಲೀಚು, ಸೋಪು, ಕಲೆ ತೆಗೆಯುವ ದ್ರಾವಣ ಬಳಸಿದರೆ ಅದು ಮೋಸ. ಮೊದಲು ಹತ್ತು ಡಾಲರಿನ ಹರಿದ ಕಾರ್ಡು ತಂದು ಕೈ ಪಳಗಿಸಿಕೊಳ್ಳಿ. ಇನ್ನೊಂದು ಎಚ್ಚರಿಕೆ: ಇದು ಟಿ206ಕ್ಕೆ ಮಾತ್ರ. ಓಲ್ಡ್ ಜಡ್ಜ್ ಥರದವು ರಟ್ಟಿಗೆ ಅಂಟಿಸಿದ ಫೋಟೊಗಳು. ನೀರಿಗೆ ಹಾಕಿದರೆ ಫೋಟೊ ಒಂದು ಕಡೆ, ರಟ್ಟು ಒಂದು ಕಡೆ.

ಮಾರುವ ದಾರಿ ಈಗ. ಸಾಮಾನ್ಯ ಕಾರ್ಡುಗಳನ್ನು ನೀವೇ ಆನ್‌ಲೈನಿನಲ್ಲಿ ಮಾರಬಹುದು. ಇಬೇ ಸುಮಾರು 13 ಪರ್ಸೆಂಟ್ ಹಿಡಿಯುತ್ತದೆ. ಮುಂದೆ, ಹಿಂದೆ, ಎರಡೂ ಫೋಟೊ ಹಾಕಿ. ಮಡಿಕೆ ಇದ್ದರೆ ಬೆಳಕಿಗೆ ಓರೆ ಹಿಡಿದು ಮಡಿಕೆ ಕಾಣುವಂತೆಯೇ ತೆಗೆಯಿರಿ. ಕೊರತೆಯನ್ನು ಮೊದಲೇ ಬರೆದವರ ಮಾಲು ವಾಪಸ್ ಬರುವುದಿಲ್ಲ, ಗಿರಾಕಿ ಮತ್ತೆ ಬರುತ್ತಾರೆ. ವ್ಯಾಗ್ನರ್ ನಕಲನ್ನು ಮಾತ್ರ ಮಾರಬೇಡಿ. ‘ನನಗೆ ಗೊತ್ತಿಲ್ಲ, ಅಟ್ಟದಲ್ಲಿ ಸಿಕ್ಕಿತು’ ಅಂತ ಬರೆದು ಮಾರುವವರಿದ್ದಾರೆ. ಈಗ ನಿಮಗೆ ಗೊತ್ತಿದೆಯಲ್ಲ. ಮಗನ ಮೇಜಿನ ಮೇಲೆ ಚೌಕಟ್ಟು ಹಾಕಿ ಇಡಿ.

ಕಾಬ್ ಮತ್ತು ಹಿಂದೂ ಮಾರುವುದಾದರೆ ಹಳೇ ಕಾರ್ಡಿನದೇ ಹರಾಜು ನಡೆಸುವ ಸಂಸ್ಥೆಗೆ ಕೊಡಿ. ಅಲ್ಲಿ ಕೊಳ್ಳುವವರು ಕೂಗಿದ ಬೆಲೆಯ ಮೇಲೆ ಸುಮಾರು 20 ಪರ್ಸೆಂಟ್ ಹೆಚ್ಚು ಕಟ್ಟುತ್ತಾರೆ, ಅದು ಸಂಸ್ಥೆಗೆ. ಪೇಪರಿನಲ್ಲಿ ಬರುವುದು ಈ ಒಟ್ಟು ಮೊತ್ತ. 2010ರಲ್ಲಿ ಬಾಲ್ಟಿಮೋರ್‌ನ ಕ್ರೈಸ್ತ ಸನ್ಯಾಸಿನಿಯರಿಗೆ ಒಬ್ಬರು ಸಾಯುವಾಗ ವ್ಯಾಗ್ನರ್ ಕಾರ್ಡು ಬಿಟ್ಟುಹೋಗಿದ್ದರು. ಮೂರು ಕಡೆ ಬಿಳಿ ಅಂಚು ಕತ್ತರಿಸಿಹೋಗಿದ್ದ, ಮಡಿಕೆ ಬಿದ್ದ ಕಾರ್ಡು. ಹರಾಜಿನಲ್ಲಿ 2,62,000 ಡಾಲರ್ ಅಂತ ಸುದ್ದಿಯಾಯಿತು. ಅದರಲ್ಲಿ ಸನ್ಯಾಸಿನಿಯರ ಪಾಲು 2,20,000. ಮಾರುವವರಿಂದ ಬೇರೆ ಕಮಿಷನ್ ಹಿಡಿಯುತ್ತಾರಾ, ದುಡ್ಡು ಎಷ್ಟು ದಿನಕ್ಕೆ ಬರುತ್ತದೆ, ಇದೆರಡನ್ನೂ ಬರವಣಿಗೆಯಲ್ಲಿ ಕೇಳಿ. ತೆರಿಗೆಯೂ ನೆನಪಿರಲಿ. ಕೊಂಡು ಒಂದು ವರ್ಷದೊಳಗೆ ಮಾರಿದರೆ ಲಾಭ ನಿಮ್ಮ ಸಂಬಳದ ಜೊತೆ ಸೇರುತ್ತದೆ. ವರ್ಷ ದಾಟಿದರೆ ಇಂಥ ಸಂಗ್ರಹದ ವಸ್ತುಗಳಿಗೆ ಕೇಂದ್ರ ತೆರಿಗೆ ಹೆಚ್ಚೆಂದರೆ 28 ಪರ್ಸೆಂಟ್. ಆ 60 ಡಾಲರಿನ ಚೀಟಿ ಇದ್ದರೆ ಎತ್ತಿಡಿ.

ಇನ್ನು ಕೊಳ್ಳುವುದು. ಹನ್ನೊಂದು ವರ್ಷದ ಹುಡುಗನಿಗೆ ದುಬಾರಿ ಸ್ಲ್ಯಾಬ್ ಬೇಡ. ಈ ಸರಣಿಯಲ್ಲಿ ನಿಮ್ಮ ಕೊಲಂಬಸ್ ತಂಡದ ಆಟಗಾರರೂ ಇದ್ದಾರೆ, ಆಗ ಅದು ಸಣ್ಣ ಲೀಗಿನ ತಂಡ. ಮೂಲೆ ಸವೆದದ್ದಾದರೆ ಒಂದು ಒಳ್ಳೇ ಊಟದ ದುಡ್ಡಿಗೆ ಸಿಗುತ್ತದೆ. ತಮ್ಮೂರಿನವನು ಅಂತ ಗೊತ್ತಾದರೆ ಹುಡುಗ ಬಿಡುವುದಿಲ್ಲ. ಆಮೇಲೆ ಒಂದೊಂದು ಬ್ರಾಂಡಿನ ಬೆನ್ನು ಒಂದೊಂದರಂತೆ ಕೂಡಿಸಲಿ. ನಾವು ಚಿಕ್ಕವರಿದ್ದಾಗ ಬೆಂಕಿಪೊಟ್ಟಣದ ಲೇಬಲ್ಲು, ಬಸ್ ಸ್ಟ್ಯಾಂಡಿನಲ್ಲಿ ಬಿದ್ದ ಖಾಲಿ ಸಿಗರೇಟ್ ಪ್ಯಾಕು ಕೂಡಿಸುತ್ತಿರಲಿಲ್ವಾ? ಎಂಬತ್ತರ ದಶಕದಲ್ಲಿ ಬಿಗ್ ಫನ್ ಬಬಲ್‌ಗಮ್ಮಿನ ಕ್ರಿಕೆಟ್ ಚಿತ್ರಕ್ಕೆ ಜಗಳ ಆಡಿದ್ದು ನೆನಪಿರಬೇಕು. ಅದೇ ಹುಚ್ಚು, ಊರು ಬೇರೆ.

ಸ್ಲ್ಯಾಬ್ ಕೊಳ್ಳುವಾಗ ಅದರ ಮೇಲಿನ ನಂಬರನ್ನು ಗ್ರೇಡಿಂಗ್ ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿ, ಅಲ್ಲಿ ಚಿತ್ರ ಇದ್ದರೆ ಮೂಲೆ ಮೂಲೆ ಹೋಲಿಸಿ. ನಕಲಿ ಡಬ್ಬಿಗಳೂ ಬಂದಿವೆ. ಸ್ಲ್ಯಾಬ್ ಇಲ್ಲದ ಕಾಬ್, ಸೈ ಯಂಗ್, ಮ್ಯಾಥ್ಯೂಸನ್ ಥರದ ದೊಡ್ಡ ಆಟಗಾರರ ಕಾರ್ಡು ಅಗ್ಗಕ್ಕೆ ಕಂಡರೆ ಸುಮ್ನೆ ಮುಂದೆ ಹೋಗಿ. ಅಪರೂಪದ ಬೆನ್ನಿರುವ ಕಾರ್ಡಾದರೆ ಅಂಚನ್ನು ಓರೆಯಾಗಿ ನೋಡಿ. ಕೆಟ್ಟ ಕಾರ್ಡಿನ ಬೆನ್ನು ಸುಲಿದು ಒಳ್ಳೇ ಮುಖಕ್ಕೆ ಅಂಟಿಸುವ ಕಲಾವಿದರಿದ್ದಾರೆ. ಎರಡು ಪದರದ ನಡುವೆ ಗೆರೆ ಕಾಣುತ್ತದೆ. ಹಣ ಕಳಿಸುವಾಗ ‘ಸ್ನೇಹಿತರಿಗೆ ಕಳಿಸುವ ಥರ ಕಳಿಸಿ, ಫೀಸು ಉಳಿಯುತ್ತೆ’ ಅಂದರೆ ಒಪ್ಪಬೇಡಿ. ಅದಕ್ಕೆ ರಕ್ಷಣೆ ಇಲ್ಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ.

ಸದ್ಯಕ್ಕೆ ಇಷ್ಟು ಮಾಡಿ. ಎಲ್ಲ ಕಾರ್ಡನ್ನೂ ತಂಬಾಕಿನ ಕಾರ್ಡಿನ ಅಳತೆಯ ಪ್ಲಾಸ್ಟಿಕ್ ಕವರಿಗೆ ಹಾಕಿ. ರಬ್ಬರ್ ಬ್ಯಾಂಡ್ ಬೇಡ, ಅಟ್ಟವೂ ಬೇಡ, ನೆಲಮಾಳಿಗೆಯೂ ಬೇಡ. ಬಟ್ಟೆ ಬೀರುವಿನ ಮಧ್ಯದ ಅರೆ ಸಾಕು. ಮಗನನ್ನು ಪಕ್ಕ ಕೂರಿಸಿಕೊಂಡು ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ: ಆಟಗಾರ, ತಂಡ, ಬೆನ್ನಿನ ಬ್ರಾಂಡು, ಬೆನ್ನಲ್ಲೇ ಅಚ್ಚಾಗಿರುವ ಫ್ಯಾಕ್ಟರಿ ನಂಬರು. ನನ್ನನ್ನು ಕೇಳಿದರೆ ಕಾಬ್ ಮಾರಿ, ಹಿಂದೂ ಕಾರ್ಡು ಮಗನಿಗೆ ಬಿಡಿ. ಆ ಮೂರು ಕಾರ್ಡು ಕಪ್ಪು ಕಾಗದದಿಂದ ಬಿಟ್ಟುಕೊಂಡ ದಿನ ಬೆನ್ನಿನ ಫೋಟೊ ಕಳಿಸಿ. ಮುಖ ಮೂರೂ ಸಾಮಾನ್ಯದವು. ಹಿಂದೆ ಏನಿದೆಯೋ ಅಂತ ನನಗೂ ತಡೆಯಲಾಗುತ್ತಿಲ್ಲ.